ದಿಣ್ಣೆಯಿಂದ ಹಳ್ಳಕ್ಕೆ: ಊರುಗಳು ಕೂಡಿ ಒಂದು ಹಳ್ಳವನ್ನು ಉಳಿಸಿಕೊಳ್ಳುವ ಬಗೆ

ಬೇಸಿಗೆಯಲ್ಲಿ ಹಳ್ಳಕ್ಕೆ ಜೆಸಿಬಿ ಇಳಿಸಿ, ಜಾಲಿ ಕಿತ್ತು, ಹೂಳನ್ನು ದಂಡೆಗೆ ಎತ್ತಿ ಹಾಕಿದ ಊರುಗಳು ಕೊಪ್ಪಳ, ರಾಯಚೂರು, ಬಳ್ಳಾರಿ ಕಡೆ ಬೇಕಾದಷ್ಟಿವೆ. ಎರಡು ಮಳೆಗಾಲ ಕಳೆದ ಮೇಲೆ ನೋಡಿದರೆ ಹೂಳು ಮತ್ತೆ ಅಲ್ಲೇ. ಏಕೆಂದರೆ ಹೂಳು ಹಳ್ಳದಲ್ಲಿ ಹುಟ್ಟುವುದಿಲ್ಲ. ಮೇಲಿನ ಹೊಲಗಳಿಂದ, ಬೋಳಾದ ಗುಡ್ಡದಿಂದ, ಒಡೆದ ಬದುಗಳಿಂದ ಇಳಿದು ಬರುತ್ತದೆ. ತುಂಗಭದ್ರಾ ಅಣೆಕಟ್ಟು 1953ರಲ್ಲಿ ಮುಗಿದಾಗ ಜಲಾಶಯಕ್ಕೆ ಸುಮಾರು 133 ಟಿಎಂಸಿ ಹಿಡಿಯುತ್ತಿತ್ತು, ಈಗ ಹಿಡಿಯುವುದು ಸುಮಾರು 105. ನಡುವಿನ ಜಾಗವನ್ನೆಲ್ಲ ಹೂಳು ತುಂಬಿದೆ. ಊರ ಹಳ್ಳದಲ್ಲೂ ನಡೆಯುವುದು ಇದೇ, ಅಳತೆ ಮಾತ್ರ ಸಣ್ಣದು.

ಹಾಗಾಗಿ ಕೆಲಸದ ಸರದಿ ಹೀಗಿರಬೇಕು: ಮೊದಲು ದಿಣ್ಣೆ, ಆಮೇಲೆ ಇಳಿಜಾರಿನ ಹೊಲಗಳು, ಕೊನೆಗೆ ಹಳ್ಳ. ಇವೆಲ್ಲಕ್ಕೂ ಮುಂಚೆ ಮೇಲಿನ ಊರಿನವರೂ ಕೆಳಗಿನ ಊರಿನವರೂ ಒಂದೇ ಜಾಗದಲ್ಲಿ ಕೂತು ಮಾತು ಮುಗಿಸಿರಬೇಕು. 2019ರಲ್ಲಿ ಕೊಪ್ಪಳದ ಗವಿಮಠದ ಗವಿಸಿದ್ಧೇಶ್ವರ ಸ್ವಾಮೀಜಿ ಮುಂದೆ ನಿಂತಾಗ ಹಿರೇಹಳ್ಳಕ್ಕೆ ಜನ ಸಾವಿರಾರು ಸಂಖ್ಯೆಯಲ್ಲಿ ಇಳಿದರು. ಎಲ್ಲರೂ ಒಪ್ಪುವ ಒಬ್ಬ ಹಿರಿಯರು ಕರೆದರೆ ಜನ ಬರುತ್ತಾರೆ ಎಂಬುದಕ್ಕೆ ಈ ಸೀಮೆಯಲ್ಲಿ ಬೇರೆ ಸಾಕ್ಷಿ ಬೇಡ. ಹಾಗೆ ಬಂದ ಜನರ ಕೈಗೆ ಯಾವ ಕೆಲಸ, ಯಾವ ಸರದಿಯಲ್ಲಿ ಕೊಡಬೇಕು ಎಂಬುದನ್ನು ಮುಂದೆ ಹೇಳಿದ್ದೇವೆ.

ಎಷ್ಟು ಜಾಗ, ಎಷ್ಟು ನೀರು

ಹಿರೇಹಳ್ಳ, ಮಸ್ಕಿ ಹಳ್ಳ, ಹಗರಿ ಇವೆಲ್ಲ ದೊಡ್ಡವು. ಒಮ್ಮೆಗೇ ಕೈ ಹಾಕಬೇಡಿ. ಅವಕ್ಕೆ ಸೇರುವ ಒಂದು ಮರಿಹಳ್ಳವನ್ನು ಆಯ್ದುಕೊಳ್ಳಿ. ಸುಮಾರು 500 ಹೆಕ್ಟೇರಿನ ಕಿರು ಜಲಾನಯನ, ಅಂದರೆ ಬಿದ್ದ ಮಳೆ ಒಂದೇ ಹಳ್ಳಕ್ಕೆ ಇಳಿಯುವ ಜಾಗ, ಆದರೆ ಎರಡು ಮೂರು ಊರುಗಳ ಹೊಲ ಸೇರುತ್ತವೆ, ಎಲ್ಲ ಮನೆಗಳ ಜೊತೆಗೂ ಮಾತಾಡಿ ಮುಗಿಸಬಹುದು. ರಾಜ್ಯದ ಜಲಾನಯನ ಅಭಿವೃದ್ಧಿಯ ಸುಜಲಾ-3 ಯೋಜನೆಯಡಿ ಕೊಪ್ಪಳ ಜಿಲ್ಲೆಯ ಅನೇಕ ಕಿರು ಜಲಾನಯನಗಳಿಗೆ ಭೂಸಂಪನ್ಮೂಲ ಅಟ್ಲಾಸ್ ಆಗಿದೆ. ಮಣ್ಣಿನ ಆಳ, ಇಳಿಜಾರು, ಎಲ್ಲೆಲ್ಲಿ ಬದು ಬೇಕು ಎಂಬುದು ಸರ್ವೆ ನಂಬರಿನ ಮಟ್ಟಕ್ಕೆ ಅದರಲ್ಲಿದೆ. ರೈತ ಸಂಪರ್ಕ ಕೇಂದ್ರದಲ್ಲಿ ನಿಮ್ಮ ಹಳ್ಳದ ಅಟ್ಲಾಸ್ ಕೇಳಿ ಪಡೆಯಿರಿ.

ನೀರಿನ ಲೆಕ್ಕವನ್ನು ಮೊದಲ ಸಭೆಯಲ್ಲೇ ಹಾಕಿ ತೋರಿಸಿ. 500 ಹೆಕ್ಟೇರಿನ ಮೇಲೆ ಒಂದು ದಿನ 25 ಮಿ.ಮೀ. ಮಳೆ ಬಿದ್ದರೆ ಅದು 12.5 ಕೋಟಿ ಲೀಟರ್. ಐದರಲ್ಲಿ ಒಂದು ಪಾಲು ಹರಿದರೂ 2.5 ಕೋಟಿ ಲೀಟರ್ ಹಳ್ಳಕ್ಕೆ ಬರುತ್ತದೆ. 15 ಮೀಟರ್ ಅಗಲ, ಒಂದೂವರೆ ಮೀಟರ್ ಎತ್ತರದ ಒಂದು ಚೆಕ್ ಡ್ಯಾಂ ಹಿಂದೆ 150 ಮೀಟರ್ ದೂರ ನೀರು ನಿಂತರೆ ಹಿಡಿಯುವುದು ಸುಮಾರು 17 ಲಕ್ಷ ಲೀಟರ್. ಅಂದರೆ ಒಂದೇ ಮಳೆಯ ನೀರಿಗೆ ಹದಿನೈದು ಚೆಕ್ ಡ್ಯಾಂ ಬೇಕು. ಈ ಲೆಕ್ಕ ಕಂಡ ಮೇಲೆ ‘ಒಂದು ಚೆಕ್ ಡ್ಯಾಂ ಹಾಕಿಸಿಕೊಡ್ರಿ, ಸಾಕು’ ಎನ್ನುವ ಬೇಡಿಕೆ ತಾನಾಗಿ ತಗ್ಗುತ್ತದೆ. ನೀರನ್ನು ಹೊಲದಲ್ಲೇ, ಬಿದ್ದಲ್ಲೇ ಹಿಡಿಯದೆ ಗತ್ಯಂತರವಿಲ್ಲ.

ಮೊದಲ ನಡಿಗೆ

ದೀಪಾವಳಿ ಕಳೆದ ಮೇಲೆ, ಕೊರಕಲುಗಳು ಇನ್ನೂ ಹಸಿಯಾಗಿ ಕಾಣುತ್ತಿರುವಾಗ ನಡೆಯಿರಿ. ಹಳ್ಳದ ಬಾಯಿಂದ ತಲೆಯವರೆಗೆ ಏರಿ, ದಿಣ್ಣೆಯ ನೆತ್ತಿ ಹಿಡಿದು ಒಂದು ಸುತ್ತು. ಎಂಟು ಹತ್ತು ಜನ ಸಾಕು. ಆದರೆ ಅದರಲ್ಲಿ ಕುರಿಗಾಹಿ, ನೀರುಗಂಟಿ, ಲಾವಣಿಗೆ (ಗುತ್ತಿಗೆಗೆ) ಹೊಲ ಮಾಡುವವರು, ಕೂಲಿಗೆ ಹೋಗುವ ಹೆಣ್ಣುಮಕ್ಕಳು ಇರಲೇಬೇಕು. ಎಲ್ಲಿ ನೀರು ನುಗ್ಗುತ್ತದೆ, ಯಾವ ಒಡ್ಡು ಯಾವ ಮಳೆಗೆ ಹೋಯಿತು ಎಂದು ಹೊಲದ ಯಜಮಾನರಿಗಿಂತ ಇವರಿಗೆ ಚೆನ್ನಾಗಿ ಗೊತ್ತಿರುತ್ತದೆ.

ಎರಡೂ ಊರಿನ ಗ್ರಾಮ ನಕಾಶೆಗಳನ್ನು ಗಡಿ ಕೂಡಿಸಿ ಅಂಟಿಸಿಕೊಳ್ಳಿ. ನಡೆಯುತ್ತಾ ಕೊರಕಲಿನ ತಲೆ, ಒಡೆದ ಬದು, ಹಳೆಯ ಗೋಕಟ್ಟೆ, ಚರಂಡಿ ಹಳ್ಳಕ್ಕೆ ಬೀಳುವ ಜಾಗ, ಮರಳು ತೆಗೆದ ಗುಂಡಿಗಳನ್ನು ಗುರುತು ಮಾಡಿ. ಸರ್ವೆ ನಂಬರಿಗೆ ಮೊಬೈಲಿನ ದಿಶಾಂಕ್ ಆ್ಯಪ್ ಸಾಕು, ಆದರೆ ಗಡಿ ಜಗಳಕ್ಕೆ ಅದನ್ನೇ ಸಾಕ್ಷಿ ಮಾಡಬೇಡಿ, ಕೆಲವು ಮೀಟರ್ ಆಚೀಚೆ ತೋರಿಸುತ್ತದೆ. ಒತ್ತುವರಿ ಅನುಮಾನ ಇರುವಲ್ಲಿ ಪಹಣಿಯಲ್ಲಿ ಖರಾಬು (ಸಾಗುವಳಿಗೆ ಬಾರದ ನೆಲ) ಎಷ್ಟಿದೆ ನೋಡಿ, ಹದ್ದುಬಸ್ತಿಗೆ (ಗಡಿ ಅಳತೆಗೆ) ಅರ್ಜಿ ಕೊಟ್ಟು ಸರ್ವೆಯರ್ ಕಲ್ಲು ಹಾಕುವವರೆಗೆ ಆ ತುಂಡನ್ನು ಬಿಟ್ಟು ಮುಂದೆ ಹೋಗಿ. ಒಬ್ಬರ ಒತ್ತುವರಿಯ ಮೇಲೆಯೇ ಮೊದಲ ಕೆಲಸ ಶುರು ಮಾಡಿದ ಕಡೆಗಳಲ್ಲಿ ಇಡೀ ಯೋಜನೆ ಅಲ್ಲಿಗೇ ನಿಲ್ಲುತ್ತದೆ.

ಮಾತು ಮುಗಿಸಿಕೊಳ್ಳುವುದು

ಸಮಿತಿಯಲ್ಲಿ ಪ್ರತಿ ಊರಿನಿಂದ ಸಮಸಮ ಸಂಖ್ಯೆ ಇರಲಿ, ಅರ್ಧ ಹೆಣ್ಣುಮಕ್ಕಳಿರಲಿ. ದೊಡ್ಡ ಊರಿಗೆ ಹೆಚ್ಚು ಸ್ಥಾನ ಕೊಟ್ಟರೆ ಮೇಲಿನ ಸಣ್ಣ ಊರು ಹಿಂದೆ ಸರಿಯುತ್ತದೆ. ದಿಣ್ಣೆ ಇರುವುದು ಸಾಮಾನ್ಯವಾಗಿ ಅವರ ಸೀಮೆಯಲ್ಲೇ, ಅವರು ಒಪ್ಪದೆ ಕೆಳಗೆ ಏನು ಮಾಡಿದರೂ ನಿಲ್ಲದು. ಕೆಳಗಿನವರು ಮೇಲಿನವರಿಗೆ ಏನಾದರೂ ಕೊಡಲೇಬೇಕು. ಬದುವಿಗೆ ಹೋದ ನೆಲಕ್ಕೆ ಪ್ರತಿಯಾಗಿ ಗೋಡು ಮಣ್ಣಿನ (ಹಳ್ಳದಿಂದ ತೆಗೆದ ಹೂಳಿನ) ಟ್ರಾಲಿ, ಬದುವಿನ ಮೇಲೆ ಬೆಳೆದ ಹುಲ್ಲಿನ ಪೂರ್ತಿ ಹಕ್ಕು, ಮುಯ್ಯಾಳು (ಕೆಲಸಕ್ಕೆ ಪ್ರತಿ ಕೆಲಸ) ಹೀಗೆ ಏನಾದರೂ.

ಬರೆದಿಡಬೇಕಾದ ಕರಾರುಗಳಲ್ಲಿ ಬಹಳ ಮುಖ್ಯವಾದದ್ದು ಕೋಡಿ ನೀರಿನದು. ಪ್ರತಿ ಬದುವಿನ ಹೆಚ್ಚುವರಿ ನೀರು ಯಾರ ಹೊಲದ ಯಾವ ಮೂಲೆಯಿಂದ ಎಲ್ಲಿಗೆ ಇಳಿಯುತ್ತದೆ ಎಂದು ಸರ್ವೆ ನಂಬರು ಸಹಿತ ಬರೆಯಿರಿ, ಕೆಳಗಿನ ಹೊಲದವರ ಸಹಿ ಹಾಕಿಸಿ. ಬಿತ್ತಿದ ಹೊಲಕ್ಕೆ ಮೇಲಿನ ಕೋಡಿ ನುಗ್ಗಿದ ರಾತ್ರಿಯೇ ಸನಿಕೆ ತಂದು ಬದು ಒಡೆಯುತ್ತಾರೆ. ಹೋಗುವ ಬದುಗಳಲ್ಲಿ ಬಹುಪಾಲು ಹೀಗೆ ಹೋಗುತ್ತವೆ. ಲಾವಣಿ ಹೊಲವಾದರೆ ಯಜಮಾನರ ಸಹಿಯೂ ಬೇಕು, ಮಾಡುವವರ ಸಹಿಯೂ ಬೇಕು. ಲಾವಣಿ ಮಾತು ಯುಗಾದಿಗೆ ಹೊಸದಾಗುವುದರಿಂದ ಆಗ ಕರಾರನ್ನು ಇನ್ನೊಮ್ಮೆ ಓದಿ ಹೇಳಿ.

ಎರಡನೆಯದು, ಹಳ್ಳದಲ್ಲಿ ನಿಂತ ನೀರಿಗೆ ನೇರವಾಗಿ ಮೋಟಾರ್ ಇಡಬಾರದು. ಕುಡಿಯಲು ದನಕರುಗಳಿಗೆ, ಇಂಗಲು ಬಾವಿ ಬೋರುಗಳಿಗೆ ಅದು ಬಿಟ್ಟ ನೀರು. ಮೂರನೆಯದು, ಮರಳು ತೆಗೆಯಬಾರದು. ಹಳ್ಳದ ಮರಳು ತನ್ನ ಗಾತ್ರದ ಕಾಲು ಭಾಗದಷ್ಟು ನೀರನ್ನು ಬಿಸಿಲಿಗೆ ಆರದಂತೆ ಹಿಡಿದಿಡುತ್ತದೆ. ಮರಳು ಹೋದ ಹಳ್ಳದಲ್ಲಿ ಯಾವ ಡ್ಯಾಮೂ ಅದರ ಬದಲಿಗೆ ನಿಲ್ಲುವುದಿಲ್ಲ.

ಕುರಿಗಾರರ ವಿಷಯದಲ್ಲಿ ಪೂರ್ತಿ ನಿಷೇಧ ಹಾಕಬೇಡಿ, ನಡೆಯುವುದಿಲ್ಲ, ನ್ಯಾಯವೂ ಅಲ್ಲ. ಗುಡ್ಡವನ್ನು ಮೂರು ಪಾಲು ಮಾಡಿ, ಗಿಡ ನೆಟ್ಟ ಒಂದು ಪಾಲಿಗೆ ಎರಡು ಮಳೆಗಾಲ ಬಿಡುವು ಕೊಡಿ, ಉಳಿದೆರಡು ತೆರೆದಿರಲಿ. ಬಿಡುವು ಕೊಟ್ಟ ಪಾಲಿನ ಗಡಿಗೆ ಸುಣ್ಣ ಬಳಿದ ಕಲ್ಲಿಡಿ. ಹೊಲದವರು ಬೇಸಿಗೆಯಲ್ಲಿ ಕುರಿ ನಿಲ್ಲಿಸಿಕೊಂಡು ಗೊಬ್ಬರಕ್ಕೆ ಕಾಳೋ ದುಡ್ಡೋ ಕೊಡುವ ಪದ್ಧತಿ ಇದ್ದೇ ಇದೆ, ಅದನ್ನು ಈ ಕರಾರಿಗೆ ಜೋಡಿಸಿದರೆ ಮಾತು ಸಲೀಸಾಗುತ್ತದೆ.

ದಿಣ್ಣೆಯ ಕೆಲಸ

ಗುಡ್ಡದ ಇಳಿಜಾರಿಗೆ ಅಡ್ಡಲಾಗಿ ಟ್ರೆಂಚು: 4 ಮೀಟರ್ ಉದ್ದ, ಅರ್ಧ ಮೀಟರ್ ಅಗಲ, ಅರ್ಧ ಮೀಟರ್ ಆಳ. ಒಂದು ತುಂಬಿದರೆ ಸಾವಿರ ಲೀಟರ್. ಮೇಲಿನ ಸಾಲಿನ ಎರಡು ಟ್ರೆಂಚುಗಳ ನಡುವಿನ ಬಿಡುವಿಗೆ ಎದುರಾಗಿ ಕೆಳಗಿನ ಸಾಲಿನ ಟ್ರೆಂಚು ಬರಬೇಕು. ಅಗೆದ ಮಣ್ಣು ಕೆಳಗಿನ ಬದಿಗೆ, ಅಂಚಿನಿಂದ ಒಂದು ಗೇಣು ಬಿಟ್ಟು ಹಾಕಿ.

ಟ್ರೆಂಚಿನ ತಳ ಮಟ್ಟವಾಗಿರದಿದ್ದರೆ ನೀರೆಲ್ಲ ಒಂದು ತುದಿಗೆ ಓಡಿ ಅಲ್ಲೇ ಕೊರೆದು ಹೊಸ ಕೊರಕಲು ಮಾಡುತ್ತದೆ. ಅದಕ್ಕೇ ಎ-ಆಕಾರದ ಚೌಕಟ್ಟು ಬೇಕು. ಏಳು ಅಡಿಯ ಎರಡು ಗಳ ತಲೆ ಕೂಡಿಸಿ ಕಟ್ಟಿ, ಕಾಲುಗಳ ನಡುವೆ ಎರಡು ಮೀಟರ್ ಅಂತರ ಬಿಟ್ಟು, ನಡುವೆ ಅಡ್ಡ ಪಟ್ಟಿ ಹೊಡೆಯಿರಿ. ತಲೆಯಿಂದ ದಾರಕ್ಕೆ ಕಲ್ಲು ಕಟ್ಟಿ ಇಳಿಬಿಡಿ. ಎರಡು ಗುರುತುಗಳ ಮೇಲೆ ಕಾಲಿಟ್ಟು, ದಾರ ಪಟ್ಟಿಯನ್ನು ಮುಟ್ಟುವ ಜಾಗಕ್ಕೆ ಗೆರೆ ಎಳೆಯಿರಿ. ಕಾಲುಗಳನ್ನು ಅದಲು ಬದಲು ಮಾಡಿ ಅವೇ ಗುರುತುಗಳ ಮೇಲಿಟ್ಟು ಇನ್ನೊಂದು ಗೆರೆ. ಎರಡರ ಸರಿ ನಡುವೆ ಹಾಕಿದ ಗೆರೆಯೇ ಸಮಮಟ್ಟ, ದಾರ ಅದರ ಮೇಲೆ ನಿಂತರೆ ಎರಡು ಕಾಲೂ ಒಂದೇ ಮಟ್ಟದಲ್ಲಿವೆ. ಗಾಳಿ ಇರುವ ದಿನ ಈ ಕೆಲಸ ಬೇಡ, ಕಲ್ಲು ತೂಗಾಡುತ್ತದೆ.

ಕೊರಕಲುಗಳಿಗೆ ಒಣಗಲ್ಲಿನ ತಡೆ ಹಾಕುವಾಗ ತಪ್ಪುವುದು ಮೂರು ಕಡೆ. ಒಂದು, ನಡುಭಾಗ. ಅದು ಎರಡೂ ಬದಿಗಿಂತ ಕನಿಷ್ಠ 30 ಸೆಂ.ಮೀ. ತಗ್ಗಿರಬೇಕು, ಇಲ್ಲದಿದ್ದರೆ ನೀರು ಪಕ್ಕದ ಮಣ್ಣು ಕೊರೆದು ತಡೆಯನ್ನು ಬಿಟ್ಟು ಹೋಗುತ್ತದೆ. ಎರಡು, ಬೇರು. ತಳಕ್ಕೆ 30 ಸೆಂ.ಮೀ., ಎರಡೂ ದಂಡೆಗೆ ಅರ್ಧ ಮೀಟರ್ ಕಲ್ಲು ಒಳಗೆ ಹೋಗಬೇಕು. ಮೂರು, ಕಲ್ಲು. ಮೇಲ್ಮೈಗೆ ದೊಡ್ಡವು, ಸಂದಿಗೆ ಸಣ್ಣವು, ಒಂದು ಗೇಣಿಗಿಂತ ಸಣ್ಣ ಕಲ್ಲನ್ನು ಹೊರಮೈಗೆ ಇಡಲೇಬೇಡಿ. ಎತ್ತರ ಒಂದು ಮೀಟರ್ ಮೀರದಿರಲಿ. ನೀರು ಬೀಳುವ ಕಡೆ ಇಳಿಜಾರು ಉದ್ದ ಇರಲಿ, ಒಂದು ಮೀಟರ್ ಎತ್ತರಕ್ಕೆ ಎರಡರಿಂದ ಮೂರು ಮೀಟರ್. ಕೆಳಗಿನ ತಡೆಯ ತಲೆ ಮೇಲಿನ ತಡೆಯ ಬುಡದ ಮಟ್ಟಕ್ಕೆ ಬರುವಂತೆ ಅಂತರ ಇಡಿ: ಕೊರಕಲು ನೂರಕ್ಕೆ ಐದು ಮೀಟರ್ ಇಳಿಯುತ್ತಿದ್ದರೆ ಒಂದು ಮೀಟರ್ ಎತ್ತರದ ತಡೆಗಳು 20 ಮೀಟರಿಗೊಂದು. ಕಲ್ಲನ್ನು ಆ ಗುಡ್ಡದ ಇಳಿಜಾರಿನಿಂದಲೇ ಕಿತ್ತು ತರಬೇಡಿ, ಮಣ್ಣು ಹಿಡಿದು ಕೂತಿರುವುದು ಅದೇ ಕಲ್ಲು. ಹೊಲ ಹಸನು ಮಾಡಿ ಮೂಲೆಗೆ ಒಟ್ಟಿದ ಕಲ್ಲು ತನ್ನಿ.

ಎರೆಗೆ ಒಂದು ಬದು, ಮಸಾರಿಗೆ ಇನ್ನೊಂದು

ಇಡೀ ಹಳ್ಳಕ್ಕೆ ಒಂದೇ ನಮೂನೆಯ ಬದು ಹಾಕಿಸುವುದು ಈ ಮೂರೂ ಜಿಲ್ಲೆಗಳಲ್ಲಿ ಕಾಣುವ ದೊಡ್ಡ ತಪ್ಪು. ಮಸಾರಿಯಲ್ಲಿ, ಅಂದರೆ ಕೆಂಪು ಮಣ್ಣಿನಲ್ಲಿ, ನೀರು ಬೇಗ ಇಂಗುತ್ತದೆ, ಅಲ್ಲಿ ಉದ್ದಕ್ಕೂ ಒಂದೇ ಮಟ್ಟದ ಸಮಪಾತಳಿ ಬದು ಸರಿ. ಆಳವಾದ ಎರೆಯಲ್ಲಿ, ಅಂದರೆ ಕಪ್ಪು ಮಣ್ಣಿನಲ್ಲಿ, ಅದೇ ಬದು ಹಾಕಿದರೆ ಮಳೆಗಾಲದಲ್ಲಿ ನೀರು ದಿನಗಟ್ಟಲೆ ನಿಂತು ಬೆಳೆ ಕೊಳೆಯುತ್ತದೆ, ಬೇಸಿಗೆಯಲ್ಲಿ ಬದುವೇ ಬಿರುಕು ಬಿಡುತ್ತದೆ. ಮುಂದಿನ ವರ್ಷದ ಮೊದಲ ಮಳೆಯ ನೀರು ಬಿರುಕಿನಲ್ಲಿ ತೂರಿ ಬದುವನ್ನು ಒಳಗಿಂದ ಕೊಚ್ಚುತ್ತದೆ. ಬಳ್ಳಾರಿಯಲ್ಲಿ 1954ರಿಂದ ಮಣ್ಣು ಮತ್ತು ನೀರು ಸಂರಕ್ಷಣೆಯ ಕೇಂದ್ರ ಸರಕಾರದ ಸಂಶೋಧನಾ ಕೇಂದ್ರ ಇದೆ. ಎರೆ ಭೂಮಿಗೆ ಇಳಿಜಾರು ಬದು ಸೂಕ್ತ ಎಂಬುದು ಹಳೆಯ, ಗಟ್ಟಿಯಾದ ಶಿಫಾರಸು. ಅಂದರೆ ಬದು ಪೂರ್ತಿ ಮಟ್ಟವಾಗಿರದೆ ನೂರು ಮೀಟರಿಗೆ 20 ಸೆಂ.ಮೀ. ಇಳಿಯಬೇಕು, ಹತ್ತು ಮೀಟರಿಗೆ ಎರಡು ಸೆಂ.ಮೀ. ಎ-ಚೌಕಟ್ಟಿಗೆ ಇಷ್ಟು ಸೂಕ್ಷ್ಮ ಸಿಗುವುದಿಲ್ಲ, ಗೌಂಡಿಗಳು ಬಳಸುವ ನೀರಿನ ಟ್ಯೂಬು ತನ್ನಿ. ಬದುವಿನ ಗುಂಟ ನಿಧಾನ ಹರಿದ ನೀರು ಹುಲ್ಲು ಬೆಳೆಸಿದ ಕಾಲುವೆಗೆ ಬಿದ್ದು ಹಳ್ಳ ಸೇರಬೇಕು. ಹುಲ್ಲು ಹಿಡಿಯುವ ಮೊದಲೇ ಆ ಕಾಲುವೆಗೆ ನೀರು ಬಿಟ್ಟರೆ ಅದೇ ಹೊಸ ಕೊರಕಲಾಗುತ್ತದೆ, ಆದ್ದರಿಂದ ಕಾಲುವೆಯನ್ನು ಒಂದು ವರ್ಷ ಮುಂಚೆಯೇ ಮಾಡಿ ಹುಲ್ಲು ಹಚ್ಚಿ.

ಬದುಗಳ ನಡುವಿನ ಅಂತರಕ್ಕೆ ಬಾಯಲ್ಲಿ ಹಾಕಬಹುದಾದ ಲೆಕ್ಕವಿದೆ. ಇಳಿಜಾರಿನ ಶೇಕಡಾವನ್ನು ಮೂರರಿಂದ ಭಾಗಿಸಿ, ಎರಡು ಕೂಡಿಸಿ, 0.3ರಿಂದ ಗುಣಿಸಿದರೆ ಎರಡು ಬದುಗಳ ನಡುವಿನ ಎತ್ತರದ ವ್ಯತ್ಯಾಸ ಮೀಟರಿನಲ್ಲಿ ಸಿಗುತ್ತದೆ. ಶೇ. 1 ಇಳಿಜಾರಿಗೆ 0.7 ಮೀಟರ್, ಅಂದರೆ ನೆಲದ ಮೇಲೆ 70 ಮೀಟರಿಗೊಂದು ಬದು. ಶೇ. 2ಕ್ಕೆ 40 ಮೀಟರ್, ಶೇ. 3ಕ್ಕೆ 30 ಮೀಟರ್. ಮಸಾರಿಯಲ್ಲಿ ಬದುವಿನ ತಳ ಒಂದೂವರೆ ಮೀಟರ್, ತಲೆ 30 ಸೆಂ.ಮೀ., ಎತ್ತರ 60 ಸೆಂ.ಮೀ. ಇದ್ದರೆ ಸಾಕು. ಎರೆ ಮಣ್ಣು ಜಾರುವುದರಿಂದ ತಳವನ್ನು 2.1 ಮೀಟರಿಗೆ ಹಿಗ್ಗಿಸಿ. ಮಣ್ಣನ್ನು ಮೇಲಿನ ಬದಿಯಿಂದ ತೆಗೆಯಿರಿ, ಉದ್ದಕ್ಕೂ ಒಂದೇ ಗುಂಡಿ ಮಾಡದೆ ನಡುನಡುವೆ ಅಗೆಯದ ನೆಲ ಬಿಡಿ, ಇಲ್ಲವಾದರೆ ಗುಂಡಿಯೇ ಕಾಲುವೆಯಾಗಿ ಹರಿಯುತ್ತದೆ.

ಹಿಂಗಾರಿ ಜೋಳ, ಕಡಲೆ ಬಿತ್ತುವ ಎರೆಯಲ್ಲಿ ಬದುವಿಗಿಂತ ಬೇಗ ಫಲ ಕೊಡುವುದು ಚೌಕು ಮಡಿ. ಮುಂಗಾರಿನಲ್ಲಿ ಖಾಲಿ ಇರುವ ಹೊಲವನ್ನು ಮೂರರಿಂದ ನಾಲ್ಕೂವರೆ ಮೀಟರಿನ ಚೌಕಗಳಾಗಿ ಸಣ್ಣ ಒಡ್ಡು ಎಳೆದು ಬಿಟ್ಟರೆ ಸೆಪ್ಟೆಂಬರಿನ ಮಳೆ ಅಲ್ಲೇ ಇಂಗುತ್ತದೆ. ನಮ್ಮಲ್ಲಿ ವರ್ಷದ ದೊಡ್ಡ ಮಳೆ ಬೀಳುವುದೇ ಆಗ. ಖರ್ಚು ಕಡಿಮೆ, ಯಾರ ನೆಲವೂ ಹೋಗುವುದಿಲ್ಲ, ಹಾಗಾಗಿ ಇನ್ನೂ ಮನಸ್ಸು ಮಾಡದ ರೈತರನ್ನು ಜೊತೆಗೆ ತರಲು ಇದರಿಂದಲೇ ಶುರು ಮಾಡುವುದು ಒಳ್ಳೆಯದು.

ಈಗ ಹಳ್ಳ

ಬಳ್ಳಾರಿ ಜಾಲಿಯನ್ನು ನೆಲಮಟ್ಟಕ್ಕೆ ಕಡಿದರೆ ಮುಂದಿನ ವರ್ಷ ಒಂದಕ್ಕೆ ಐದು ಕವಲು. ಬುಡವನ್ನು ನೆಲದಿಂದ ಒಂದು ಅಡಿ ಆಳಕ್ಕೆ ಅಗೆದು ತೆಗೆಯಬೇಕು. ಹಳ್ಳದ ಪಾತ್ರದಲ್ಲಿ ಇರುವುದನ್ನು ಪೂರ್ತಿ ತೆಗೆಯಿರಿ. ದಂಡೆಯ ಮೇಲಿನದನ್ನು ಮಾತ್ರ ಒಮ್ಮೆಗೇ ಬೋಳಿಸಬೇಡಿ, ಅದರ ಬೇರೇ ದಂಡೆ ಹಿಡಿದಿರುತ್ತದೆ. ಮೂರು ವರ್ಷಕ್ಕೆ ಹಂಚಿ, ತೆಗೆದಲ್ಲಿ ಆ ಮಳೆಗಾಲದಲ್ಲೇ ಲಾವಂಚ, ಲಕ್ಕಿ, ಹೊಂಗೆ ಹಚ್ಚುತ್ತಾ ಹೋಗಿ. ಕಟ್ಟಿಗೆಯನ್ನು ಹರಾಜು ಹಾಕಿ ಬಂದ ಹಣ ಸಮಿತಿ ಖಾತೆಗೆ.

ಹೂಳು ತೆಗೆಯುವಾಗ ಆಳ ನಿರ್ಧರಿಸುವುದು ಕಣ್ಣಿನ ಅಂದಾಜಿನಿಂದಲ್ಲ. ನೂರು ಮೀಟರಿಗೊಂದು ಸಣ್ಣ ಗುಂಡಿ ತೋಡಿಸಿ ನೋಡಿ. ಮೇಲೆ ಕಪ್ಪು ಗೋಡು, ಅದರ ಕೆಳಗೆ ಮರಳೋ ಮೊರಮೋ ಸಿಕ್ಕರೆ ಅದೇ ಹಳೆಯ ತಳ, ಅಲ್ಲಿ ನಿಲ್ಲಿಸಿ. ಎಲ್ಲೆಡೆ ಒಂದೇ ಅಗಲಕ್ಕೆ ನೇರ ಕಾಲುವೆಯಂತೆ ಕೊರೆಸಬೇಡಿ. ತಿರುವು, ಮಡುವು ಇದ್ದಲ್ಲಿ ಹಾಗೇ ಇರಲಿ, ನೀರಿನ ಓಟ ತಗ್ಗುವುದು ಅಲ್ಲೇ. ದಂಡೆಯನ್ನು ನೆಟ್ಟಗೆ ಕಡಿದರೆ ಮೊದಲ ಮಳೆಗೇ ಕುಸಿಯುತ್ತದೆ, ಒಂದು ಮೀಟರ್ ಎತ್ತರಕ್ಕೆ ಎರಡು ಮೀಟರ್ ಇಳಿಜಾರು ಕೊಡಿ. ತೆಗೆದ ಹೂಳು ಅದೇ ದಿನ ಟ್ರಾಲಿ ಏರಬೇಕು, ದಂಡೆಯ ಮೇಲೆ ಬಿಟ್ಟದ್ದು ಮಿರಗದ (ಮೃಗಶಿರಾ) ಮಳೆಯ ಹೊತ್ತಿಗೆ ಮತ್ತೆ ಹಳ್ಳದಲ್ಲಿರುತ್ತದೆ.

ಗೋಡು ಹೋಗಬೇಕಾದದ್ದು ಮಸಾರಿ ಹೊಲಗಳಿಗೆ. ಎರೆಗೆ ಹಾಕಿ ಪ್ರಯೋಜನವಿಲ್ಲ. ಎಕರೆಗೆ ಒಂದು ಅಂಗುಲ ಹರಡಲು ನೂರು ಘನ ಮೀಟರ್ ಬೇಕು, ನೂರು ಘನ ಅಡಿಯ ಟ್ರಾಲಿಯಾದರೆ ಸುಮಾರು 36 ಲೋಡು. ಅದಕ್ಕಿಂತ ದಪ್ಪ ಹಾಕಿದರೆ ಮೇಲ್ಪದರ ಗಟ್ಟಿಯಾಗಿ ಮೊಳಕೆ ಬರುವುದಿಲ್ಲ. ಊರ ಚರಂಡಿ ಅಥವಾ ಕಾರ್ಖಾನೆ ನೀರು ಬೀಳುವ ಜಾಗದ ಹೂಳನ್ನು ಮಣ್ಣು ಪರೀಕ್ಷೆ ಆಗದೆ ಹೊಲಕ್ಕೆ ಒಯ್ಯಬೇಡಿ.

ಚೆಕ್ ಡ್ಯಾಂ ಬೇಕೆಂದಾದರೆ ಎಂಜಿನಿಯರ್ ಹತ್ತಿರ ಎರಡು ಪ್ರಶ್ನೆ ಕೇಳಿ. ಕೋಡಿ ಅಗಲ ಎಷ್ಟು? ಒಂದು ಮೀಟರ್ ಆಳ ಹರಿಯುವ ಕೋಡಿಯ ಪ್ರತಿ ಮೀಟರ್ ಅಗಲಕ್ಕೆ ಸೆಕೆಂಡಿಗೆ 1.7 ಘನ ಮೀಟರ್ ನೀರು ದಾಟುತ್ತದೆ. ಗಂಟೆಗೆ 60 ಮಿ.ಮೀ. ಮಳೆಗೆ 500 ಹೆಕ್ಟೇರಿನಿಂದ ಸುಮಾರು 25 ಘನ ಮೀಟರ್ ಬರಬಹುದು, ಆದ್ದರಿಂದ 15 ಮೀಟರ್ ಅಗಲ ಬೇಕು. ರೆಕ್ಕೆ ಗೋಡೆ ದಂಡೆಯೊಳಗೆ ಎಷ್ಟು ಹೋಗಿದೆ? ಎರೆ ದಂಡೆಯಲ್ಲಿ ಕನಿಷ್ಠ ಎರಡು ಮೀಟರ್ ಇರಲಿ. ಕಾಂಕ್ರೀಟು ಗಟ್ಟಿಯಾಗಿ ನಿಂತಿದ್ದು ಹಳ್ಳವೇ ಪಕ್ಕಕ್ಕೆ ಸರಿದುಹೋದ ಚೆಕ್ ಡ್ಯಾಂಗಳಿಗೆಲ್ಲ ಇದೇ ಕಾರಣ.

ಕಾಲುವೆ ಕೆಳಗಿನ ಮತ್ತು ಗಣಿ ಕೆಳಗಿನ ಹಳ್ಳಗಳು

ಗಂಗಾವತಿ, ಕಾರಟಗಿ, ಸಿಂಧನೂರು ಕಡೆ ಭತ್ತದ ಬಸಿ ನೀರು ಹರಿಯುವ ಹಳ್ಳಗಳಿಗೆ ಇಂಗಿಸುವ ಕೆಲಸ ಬೇಡ. ಅಲ್ಲಿ ನೀರು ಮೊದಲೇ ಹೆಚ್ಚಾಗಿ ನೆಲ ಸವಳಾಗುತ್ತಿದೆ. ಅಲ್ಲಿನ ಕೆಲಸ ಆಪು, ಅಂತರಗಂಗೆ ಎಂಬ ನೀರಿನ ಕಳೆ ತೆಗೆದು ಬಸಿಗಾಲುವೆ ಹರಿಯುವಂತೆ ಇಡುವುದು. ಯೂರಿಯಾ ಹಾಕಿದ, ಕಳೆನಾಶಕ ಹೊಡೆದ ಮೇಲೆ ಐದಾರು ದಿನ ಗದ್ದೆಯ ಮಡುಗಟ್ಟಿದ ನೀರು ಬಿಡದಿರುವುದು, ಸ್ಪ್ರೇಯರನ್ನು ಹಳ್ಳದಲ್ಲಿ ತೊಳೆಯದಿರುವುದು, ದಂಡೆಯಿಂದ ಐದು ಮೀಟರ್ ಉಳುಮೆ ಬಿಡುವುದು ಕರಾರಿನಲ್ಲಿ ಸೇರಲಿ. ಇಂಥ ನೀರನ್ನು ಬೋರ್‌ವೆಲ್ ಮರುಪೂರಣಕ್ಕೆ ಎಂದೂ ತಿರುಗಿಸಬೇಡಿ, ಕುಡಿಯುವ ಬಾವಿಗೆ ವಿಷ ಹಾಕಿದಂತೆ.

ಸಂಡೂರಿನ ನಾರಿಹಳ್ಳದಂಥ ಕಡೆ ಕೆಂಪು ಮಣ್ಣು ಬರುವುದು ಗಣಿಯ ರಾಶಿಗಳಿಂದ. 2011ರ ಸುಪ್ರೀಂ ಕೋರ್ಟ್ ಆದೇಶಗಳ ನಂತರ ಪ್ರತಿ ಗಣಿ ಗುತ್ತಿಗೆಗೂ ಪುನಶ್ಚೇತನ ಯೋಜನೆ ಇದೆ, ಅದರಲ್ಲಿ ತಡೆಗೋಡೆ, ಚೆಕ್ ಡ್ಯಾಂ, ಹೂಳು ತಂಗುವ ಹೊಂಡ ಇರುತ್ತವೆ. ಊರಿನವರ ಕೈಗೆಲಸಕ್ಕಿಂತ, ಆ ಹೊಂಡಗಳನ್ನು ಮೇ ತಿಂಗಳೊಳಗೆ ಖಾಲಿ ಮಾಡಿದ್ದಾರೆಯೇ ಎಂದು ನೋಡಿ ಲಿಖಿತವಾಗಿ ಕೇಳುವುದು ಹೆಚ್ಚು ಫಲ ಕೊಡುತ್ತದೆ.

ದುಡ್ಡು, ಕಾಗದ

40 ಹೆಕ್ಟೇರಿಗಿಂತ ಕಡಿಮೆ ಅಚ್ಚುಕಟ್ಟಿನ ಕೆರೆ ಪಂಚಾಯತಿಯದು, ಅದಕ್ಕೆ ಮೇಲ್ಪಟ್ಟದ್ದು ಸಣ್ಣ ನೀರಾವರಿ ಇಲಾಖೆಯದು, ಗುಡ್ಡ ಅರಣ್ಯದ್ದಾಗಿದ್ದರೆ ಆ ಇಲಾಖೆಯದು. ಮುಟ್ಟುವ ಮುನ್ನ ಅನುಮತಿ ಪತ್ರ ಕೈಯಲ್ಲಿರಲಿ. ಬದು, ಟ್ರೆಂಚು, ಕೃಷಿ ಹೊಂಡ ಉದ್ಯೋಗ ಖಾತ್ರಿಯಲ್ಲಿ ಆಗುವ ಕೆಲಸಗಳು. ಆದರೆ ಅಕ್ಟೋಬರ್ 2ರ ಆಸುಪಾಸಿನ ಗ್ರಾಮ ಸಭೆಯಲ್ಲೇ ಸರ್ವೆ ನಂಬರು ಸಹಿತ ಕ್ರಿಯಾ ಯೋಜನೆಗೆ ಸೇರಿಸಿ, ಠರಾವಿನ ಪ್ರತಿ ಪಡೆಯಿರಿ. ಎರಡು ಪಂಚಾಯತಿಗಳಿದ್ದರೆ ಎರಡರಲ್ಲೂ. ಖಾತ್ರಿ ಕೆಲಸವಿರುವ ಜಾಗಕ್ಕೆ ಯಂತ್ರ ಇಳಿಸಬೇಡಿ. ಯಂತ್ರದ ಕೆಲಸ ಹಳ್ಳದ ಪಾತ್ರದಲ್ಲಿ ಮಾತ್ರ, ಅದು ಪಟ್ಟಿ ಎತ್ತಿದ (ಊರವರಿಂದ ವಂತಿಗೆ ಕೂಡಿಸಿದ) ದುಡ್ಡಿನಿಂದ, ಬೇರೆ ಪುಸ್ತಕದಲ್ಲಿ.

ಜೆಸಿಬಿಗೆ ಗಂಟೆ ಲೆಕ್ಕವನ್ನು ಗಡಿಯಾರದಿಂದ ಹಾಕಬೇಡಿ, ಯಂತ್ರದ ಮೀಟರ್ ಓದಿ, ಬೆಳಿಗ್ಗೆ ಸಂಜೆ ಫೋಟೊ ತೆಗೆದಿಡಿ. ಟ್ರಾಲಿಗೆ ಬಣ್ಣದ ಚೀಟಿ: ತುಂಬುವಲ್ಲಿ ಒಬ್ಬರು ಕೊಡುವುದು, ಹೊಲದಲ್ಲಿ ಇನ್ನೊಬ್ಬರು ಪಡೆಯುವುದು. ಬ್ಯಾಂಕ್ ಖಾತೆಗೆ ಎರಡು ಊರಿನ ಇಬ್ಬರ ಜಂಟಿ ಸಹಿ. ಬಂದದ್ದು ಹೋದದ್ದು ವಾರಕ್ಕೊಮ್ಮೆ ಎರಡೂ ಊರಿನ ಗುಡಿ ಗೋಡೆಯ ಮೇಲೆ ಬರೆಯಿರಿ. ಒಟ್ಟಾದ ಹಣದಲ್ಲಿ ಹತ್ತರಲ್ಲಿ ಎರಡು ಪಾಲನ್ನು ಮೊದಲ ವರ್ಷ ಮುಟ್ಟಬೇಡಿ. ಅದು ರಿಪೇರಿಗೆ.

ಮಳೆ ಬಿದ್ದ ಮೇಲೆ

ಕೆಲಸಗಳೆಲ್ಲ ಮೇ ಮೂರನೇ ವಾರದೊಳಗೆ ನಿಲ್ಲಬೇಕು, ರೋಹಿಣಿ ಮಳೆಗೆ ಹಸಿ ಮಣ್ಣು ಸಿಗಬಾರದು. ಹತ್ತು ಬಾವಿ ಬೋರುಗಳನ್ನು ಆಯ್ದು, ತಿಂಗಳ ಮೊದಲ ದಿನ ಬೆಳಿಗ್ಗೆ ಮೋಟಾರ್ ಹಾಕುವ ಮುಂಚೆ ನೀರಿನ ಆಳ ಅಳೆದು ಬರೆಯಿರಿ. ಟೇಪಿನ ಕೊನೆಯ ಎರಡು ಮೀಟರಿಗೆ ಸೀಮೆಸುಣ್ಣ ಉಜ್ಜಿ ಇಳಿಸಿದರೆ ಒದ್ದೆಯಾದ ಗೆರೆ ಸ್ಪಷ್ಟ ಕಾಣುತ್ತದೆ. ಮಳೆಯ ಲೆಕ್ಕಕ್ಕೆ ಪಂಚಾಯತಿಯ ಮಳೆಮಾಪಕದ ಅಂಕಿ ಸಿಗುತ್ತದೆ. ಮೇಲಿನ ಊರು, ಕೆಳಗಿನ ಊರು ಎರಡರ ಬಾವಿಗಳೂ ಪಟ್ಟಿಯಲ್ಲಿರಲಿ, ಯಾರಿಗೆ ನೀರು ಏರಿತು ಎಂಬ ಮಾತು ಅಂದಾಜಿನಲ್ಲಿ ನಡೆಯಬಾರದು.

ಮೊದಲ ಗಟ್ಟಿ ಮಳೆಯ ದಿನ ಪ್ರತಿ ಊರಿನಿಂದ ಮೂವರು ಸನಿಕೆ, ಖಾಲಿ ಚೀಲ, ಬ್ಯಾಟರಿ ಹಿಡಿದು ಕೋಡಿಗಳ ಸುತ್ತು ಹಾಕಬೇಕು. ಬದುವಿನ ಮೇಲೆ ನೀರು ದಾಟುತ್ತಿದ್ದರೆ ಅಲ್ಲಿ ಮಣ್ಣು ಏರಿಸುವ ಮೊದಲು ಕೋಡಿಯ ಬಾಯಿ ಕಟ್ಟಿಕೊಂಡಿದೆಯೇ ನೋಡಿ, ಕಸ ಸಿಕ್ಕಿರುವುದೇ ಹೆಚ್ಚು. ಬದುವಿನ ಕೆಳಬದಿಯಲ್ಲಿ ಕೆಸರು ನೀರು ಜಿನುಗುತ್ತಿದ್ದರೆ ಒಳಗೆ ತೂತಿದೆ ಎಂದು ಅರ್ಥ, ಹೊರಗಿಂದ ಮುಚ್ಚಿದರೆ ನಿಲ್ಲದು, ನೀರಿರುವ ಬದಿಗೆ ಮಣ್ಣು ತುಂಬಿದ ಚೀಲ ಒತ್ತಿ. ಮಳೆ ನಿಂತ ಮೂರು ದಿನದೊಳಗೆ ಆ ಜಾಗವನ್ನು ತಳದವರೆಗೆ ಅಗೆದು, ಒಂದೊಂದು ಗೇಣು ಮಣ್ಣು ಹಾಕಿ ತುಳಿದು ಮತ್ತೆ ಕಟ್ಟಿ. ಮುಂದಿನ ಮಳೆ ಅಷ್ಟರಲ್ಲೇ ಬರಬಹುದು.